ತಲೆಗೆ ಉಣಿಸುವ ಪೂಜೆ: ಯೊರುಬಾ ‘ಒರಿ’ಯ ಬಗ್ಗೆ ಒಂದು ಟಿಪ್ಪಣಿ

ಯೊರುಬಾ ಭಾಷೆಯಲ್ಲಿ ‘ಒರಿ’ ಎಂದರೆ ತಲೆ. ನೈಜೀರಿಯಾದ ನೈರುತ್ಯ ಭಾಗದ ಯೊರುಬಾ ಜನರಿಗೂ ಬ್ರೆಜಿಲಿನ ಬಹಿಯಾದಲ್ಲಿ ಕಂದೊಂಬ್ಲೆ ಮತವನ್ನು ನಡೆಸಿಕೊಂಡು ಬಂದಿರುವ ಆಫ್ರಿಕನ್ ಮೂಲದವರಿಗೂ ಅದು ದೈವವೂ ಹೌದು. ಕಾಣುವ ತಲೆಯೊಳಗೆ ಕಾಣದ ಇನ್ನೊಂದು ತಲೆ ಇದೆ, ‘ಒರಿ ಇನು’. ಅದನ್ನು ಅರಿತು ಅದರ ಜೊತೆ ಹೊಂದಿಕೊಂಡು ಬಾಳಬೇಕು.

ಕನ್ನಡದ ಓದುಗರಿಗೆ ತಟ್ಟನೆ ಹಣೆಬರಹ ನೆನಪಾಗುತ್ತದೆ. ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸರಿ. ಹಣೆಬರಹವನ್ನು ಬರೆಯುವವನು ಬ್ರಹ್ಮ. ಒರಿಯನ್ನು ಆರಿಸಿಕೊಳ್ಳುವವರು ನಾವೇ. ಯೊರುಬಾ ಕಣಿ ಪದ್ಧತಿಯಾದ ಇಫಾದ ಕಥನಗಳ ಪ್ರಕಾರ ಹುಟ್ಟುವ ಮುನ್ನ ಎಲ್ಲರೂ ಅಜಾಲಾ ಎಂಬ ಕುಂಬಾರನ ಮನೆಗೆ ಹೋಗಿ ತಲೆ ಆರಿಸಿಕೊಳ್ಳುತ್ತಾರೆ. ಅಜಾಲಾ ಮೈತುಂಬ ಸಾಲ ಮಾಡಿಕೊಂಡವನು. ಅವನ ಎಷ್ಟೋ ತಲೆಗಳು ಸರಿಯಾಗಿ ಬೆಂದಿರುವುದಿಲ್ಲ, ಹೊರಗಿನಿಂದ ಅದು ತಿಳಿಯುವುದೂ ಇಲ್ಲ. ಭೂಮಿಗೆ ಬರುವ ದಾರಿಯಲ್ಲಿ ಮಳೆ ಹೊಡೆದಾಗ ಹಸಿ ತಲೆ ಕರಗುತ್ತದೆ. ಆರಿಸಿದ್ದು ಹುಟ್ಟುವ ಹೊತ್ತಿಗೆ ಮರೆತುಹೋಗಿರುತ್ತದೆ. ಅದನ್ನು ತಿಳಿಯಲೆಂದೇ ಇಫಾ ಪಂಡಿತರ ಬಳಿ ಹೋಗುವುದು.

ವಿದ್ವಾಂಸ ವಾಂದೆ ಅಬಿಂಬೊಲಾ ಸಂಗ್ರಹಿಸಿದ ಇಫಾ ಕಾವ್ಯದಲ್ಲಿ ಇಫಾದ ದೈವ ಒರುನ್ಮಿಲಾ ಉಳಿದ ದೈವಗಳನ್ನೆಲ್ಲ ಕೂರಿಸಿ ಒಂದು ಪ್ರಶ್ನೆ ಕೇಳುತ್ತಾನೆ: ಕಡಲಾಚೆಯ ದೂರ ಪಯಣದಲ್ಲಿ ಭಕ್ತನ ಕೈಬಿಡದೆ ಕೊನೆವರೆಗೂ ಬರುವವರು ಯಾರು? ನಾನು ನಾನು ಎಂದು ಎಲ್ಲರೂ ಮುಂದೆ ಬರುತ್ತಾರೆ. ದಾರಿಯಲ್ಲಿ ತಮ್ಮ ಊರು ಸಿಕ್ಕಿ, ಇಷ್ಟದ ಊಟ ಬಡಿಸಿದರೆ ಮಾತ್ರ ಅಲ್ಲಿಂದಲೇ ಮನೆಗೆ ಹಿಂದಿರುಗುವುದಾಗಿ ಒಬ್ಬೊಬ್ಬರೇ ಒಪ್ಪಿಕೊಳ್ಳುತ್ತಾರೆ. ಉಳಿಯುವುದು ಒರಿ ಒಂದೇ.

ಇದನ್ನು ಗುಲಾಮರ ಹಡಗಿನ ರೂಪಕವಾಗಿ ಓದುವ ಆಸೆ ನನಗೂ ಆಗಿದೆ. ಆದರೆ ಕಥೆಯಲ್ಲಿ ಬೇಡಿಯಿಲ್ಲ, ಹಡಗೂ ಇಲ್ಲ. ಪಠ್ಯದ ಮೇಲೆ ಆ ಅರ್ಥ ಹೇರಬಾರದು. ಇಷ್ಟು ಮಾತ್ರ ಹೇಳಬಹುದು: ಬ್ರೆಜಿಲಿಗೆ ಸಾಗಿಸಲ್ಪಟ್ಟ ಸುಮಾರು 48 ಲಕ್ಷ ಆಫ್ರಿಕನ್ನರಲ್ಲಿ ಯೊರುಬಾ ಮಂದಿಯೂ ಇದ್ದರು. ನದಿ, ಬನ, ಗುಡಿ ಎಲ್ಲ ಹಿಂದೆ ಉಳಿದವು, ತಲೆ ಜೊತೆಗೆ ಬಂತು.

ಬಹಿಯಾದಲ್ಲಿ ಇಂದಿಗೂ ನಡೆಯುವ ‘ಬೊರಿ’ಯನ್ನು ಗಮನಿಸಬೇಕು. ‘ತಲೆಗೆ ಉಣಿಸುವುದು’ ಎಂದೇ ಅಲ್ಲಿನವರ ಮಾತು. ಬಿಳಿ ಬಟ್ಟೆ ಉಟ್ಟವರನ್ನು ಚಾಪೆಯ ಮೇಲೆ ಕೂರಿಸುತ್ತಾರೆ. ನೀರು, ಬೇಯಿಸಿದ ಬಿಳಿ ಮೆಕ್ಕೆಜೋಳ, ಬಾಳೆ ಎಲೆಯಲ್ಲಿ ಮಡಿಸಿದ ಮೆಕ್ಕೆಜೋಳದ ಹಿಟ್ಟಿನ ‘ಅಕಸಾ’ ಎದುರಿಗಿರುತ್ತವೆ. ಕೋಲಾ ಕಾಯಿಯ ಹೋಳುಗಳನ್ನು ಎಸೆದು, ತಲೆ ಒಪ್ಪಿತೇ ಎಂದು ನೋಡುತ್ತಾರೆ. ಆಮೇಲೆ ಅದೇ ಚಾಪೆಯ ಮೇಲೆ ನಿದ್ದೆ. ಬಿಳಿಯದು, ತಂಪಾದದ್ದೇ ಏಕೆ ಎಂದರೆ ಯೊರುಬಾದಲ್ಲಿ ‘ತುತು’, ಅಂದರೆ ತಂಪು, ಸಮತೋಲದ ಹೆಸರು. ತಲೆಬಿಸಿ ಎನ್ನುವ ನಮಗೆ ಇದನ್ನು ವಿವರಿಸಬೇಕಿಲ್ಲ. ಒರಿಶಾ (ದೈವ) ದೀಕ್ಷೆಗೂ ಮುಂಚೆ ಬೊರಿ ಆಗಲೇಬೇಕು: ಮೊದಲು ಉಣ್ಣುವುದು ತಲೆ, ದೇವರ ಸರದಿ ಆಮೇಲೆ.

ಇಷ್ಟು ಸೌಮ್ಯವಾದ ಪೂಜೆಯ ಮನೆಗಳೂ 1976ರವರೆಗೆ ಬಹಿಯಾದಲ್ಲಿ ಪೊಲೀಸರ ಪರವಾನಗಿ ಪಡೆಯಬೇಕಿತ್ತು. 1984ರಲ್ಲಿ ಅಲ್ಲಿನ ಸಾಲ್ವಡೋರ್ ನಗರದ ಕಾಸಾ ಬ್ರಾಂಕಾ ಎಂಬ ಕಂದೊಂಬ್ಲೆ ಮನೆ ರಾಷ್ಟ್ರೀಯ ಪರಂಪರೆಯ ತಾಣವಾಯಿತು.

ಕೊನೆಗೆ ಕವಡೆಯ ವಿಷಯ. ಯೊರುಬಾ ನಾಡಿನಲ್ಲಿ ಒರಿಗೆಂದು ‘ಇಲೆ ಒರಿ’ ಎಂಬ ಚರ್ಮದ ಗೂಡು ಮಾಡಿ ಮೈತುಂಬ ಕವಡೆ ಹೊಲಿಯುತ್ತಿದ್ದರು, ಸಿರಿವಂತರದಾದರೆ ಸಾವಿರಾರು. ಗುಲಾಮರ ವ್ಯಾಪಾರದ ಕಾಲದಲ್ಲಿ ಪಶ್ಚಿಮ ಆಫ್ರಿಕಾದ ಕವಡೆಗಳಲ್ಲಿ ಬಹುಪಾಲು ನಮ್ಮ ನೆರೆಯ ಮಾಲ್ಡೀವ್ಸಿನಿಂದ ಹೋದವು. ಗುಲಾಮರ ಬೆಲೆಯಲ್ಲಿ ಒಂದು ಪಾಲನ್ನು ಎಣಿಸಿ ಕೊಟ್ಟದ್ದೂ ಅವುಗಳಲ್ಲೇ. ಬಹಿಯಾದಲ್ಲಿ ಯಾರ ತಲೆಗೆ ಏನು ಬೇಕೆಂದು ತಿಳಿಯಲು ಈಗಲೂ 16 ಕವಡೆ ಎಸೆಯುತ್ತಾರೆ.