ಇಂಗ್ಲಿಷ್ ಉಚ್ಚಾರಣೆ: ‘ಸರಿ’ ಎಂಬುದು ಯಾವುದು?

ಇಂಗ್ಲಿಷನ್ನು ಸರಿಯಾಗಿ ಉಚ್ಚರಿಸುವುದೆಂದರೆ ಯಾರಂತೆ ಉಚ್ಚರಿಸುವುದು? ಲಂಡನ್ನಿನವರಂತೆಯೋ, ನ್ಯೂಯಾರ್ಕಿನವರಂತೆಯೋ? ಇಂಗ್ಲಿಷ್ ಕಲಿಸುವ ಶಿಕ್ಷಕರ ಮುಂದಿರುವ ಈ ಪ್ರಶ್ನೆ ಹಳೆಯದು. ಉಚ್ಚಾರಣೆಗೆ ನಕ್ಕಾರೆಂಬ ಅಳುಕಿನಿಂದ ತರಗತಿಯಲ್ಲಿ ಬಾಯಿ ತೆರೆಯದ ಮಕ್ಕಳಿದ್ದಾರೆ. ಸಂದರ್ಶನದಲ್ಲಿ ಹಿಂಜರಿಯುವ ಪದವೀಧರರೂ ಇದ್ದಾರೆ. ಆದ್ದರಿಂದ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಅಗತ್ಯ.

ಮಾದರಿ ಹುಟ್ಟಿದ ಬಗೆ

ಫ್ರೆಂಚ್ ಭಾಷೆಗೆ 1635ರಲ್ಲಿ ಸ್ಥಾಪನೆಯಾದ ಅಕಾಡೆಮಿ ಇದೆ. ಇಂಗ್ಲಿಷಿಗೆ ಅಂತಹ ಯಾವುದೇ ಅಧಿಕೃತ ಸಂಸ್ಥೆ ಇಲ್ಲ. ಜಾನ್ ವಾಕರ್ 1791ರಲ್ಲಿ ಹೊರತಂದ ಉಚ್ಚಾರಣಾ ನಿಘಂಟು ಲಂಡನ್ನಿನ ಸುಶಿಕ್ಷಿತರ ಮಾತನ್ನು ಮಾದರಿಯಾಗಿ ಹಿಡಿಯಿತು. ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ, ದುಬಾರಿ ಶುಲ್ಕದ ವಸತಿ ಶಾಲೆಗಳಲ್ಲಿ ಓದಿದ ದಕ್ಷಿಣ ಇಂಗ್ಲೆಂಡಿನ ಕುಟುಂಬಗಳ ಉಚ್ಚಾರಣೆಯನ್ನು ದಾಖಲಿಸಿದರು. 1926ರ ಆವೃತ್ತಿಯಲ್ಲಿ ಅದಕ್ಕೆ ‘ರಿಸೀವ್ಡ್ ಪ್ರೊನನ್ಸಿಯೇಷನ್’ (ಆರ್.ಪಿ.) ಎಂಬ ಹೆಸರು ಬಳಸಿದರು. ಇದನ್ನೇ ಎಲ್ಲರ ಮೇಲೆ ಹೇರಬೇಕೆಂಬ ಅಭಿಪ್ರಾಯ ಮಾತ್ರ ಜೋನ್ಸ್ ಅವರದಾಗಿರಲಿಲ್ಲ.

ಆರ್.ಪಿ.ಗೆ ದೊಡ್ಡ ಪ್ರತಿಷ್ಠೆ ತಂದುಕೊಟ್ಟದ್ದು ಬಿಬಿಸಿ ರೇಡಿಯೊ. 1941ರಲ್ಲಿ ಯಾರ್ಕ್‌ಷೈರ್ ಶೈಲಿಯ ವಿಲ್ಫ್ರೆಡ್ ಪಿಕಲ್ಸ್ ವಾರ್ತೆ ಓದಿದಾಗ ಕೇಳುಗರಿಂದ ಆಕ್ಷೇಪಣೆಗಳು ಬಂದವು. ಆದರೆ 1974ರಲ್ಲಿ ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ ನೀಡಿದ ಅಂದಾಜಿನಂತೆ, ಬ್ರಿಟನ್ನಿನಲ್ಲಿಯೇ ಆರ್.ಪಿ. ಮಾತನಾಡುವವರು ಕೇವಲ ಶೇ 3ರಷ್ಟು.

ಕನ್ನಡಿಗರು ‘ಕಾರ್’, ‘ಫಾರ್ಮ್’ ಎನ್ನುವಾಗ ‘ರ’ಕಾರವನ್ನು ಸ್ಪಷ್ಟವಾಗಿ ನುಡಿಯುತ್ತಾರೆ. ಆರ್.ಪಿ.ಯಲ್ಲಿ ಅದು ಕೇಳಿಸದು. ಆದರೆ ಸ್ಕಾಟ್ಲೆಂಡಿನವರೂ ಬಹುಪಾಲು ಅಮೆರಿಕನ್ನರೂ ‘ರ’ಕಾರವನ್ನು ನುಡಿಯುತ್ತಾರೆ. ಹೀಗಿರುವಾಗ ಅದನ್ನು ತಪ್ಪೆನ್ನುವುದು ಹೇಗೆ?

ಅರ್ಥವಾಗುವುದೇ ಅಳತೆಗೋಲು

ಹಾಗೆಂದು ಹೇಗೆ ಉಚ್ಚರಿಸಿದರೂ ನಡೆದೀತು ಎಂದಲ್ಲ. ಭಾರತೀಯರ ಇಂಗ್ಲಿಷ್ ಇತರರಿಗೆ ಎಷ್ಟು ಅರ್ಥವಾಗುತ್ತದೆ ಎಂಬುದನ್ನು ಪರೀಕ್ಷಿಸಿದ ಆರ್.ಕೆ. ಬನ್ಸಲ್ ಅವರ ಅಧ್ಯಯನವನ್ನು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 1969ರಲ್ಲಿ ಪ್ರಕಟಿಸಿತು. ಪದದ ತಪ್ಪು ಭಾಗಕ್ಕೆ ಒತ್ತು ನೀಡುವುದು ಗೊಂದಲಕ್ಕೆ ಮುಖ್ಯ ಕಾರಣವೆಂದು ಅದು ಗುರುತಿಸಿತು. ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬೇರೆ ಬೇರೆ ಮಾತೃಭಾಷೆಯವರು ಪರಸ್ಪರ ಅರ್ಥಮಾಡಿಕೊಳ್ಳಲು ಅವಶ್ಯವಾದ ಅಂಶಗಳನ್ನು ಪಟ್ಟಿ ಮಾಡಿದರು. ಯುರೋಪ್ ಮಂಡಳಿಯೂ 2018ರಲ್ಲಿ ತನ್ನ ಉಚ್ಚಾರಣಾ ಮಾನದಂಡವನ್ನು ಪರಿಷ್ಕರಿಸಿ, ಮಾತು ಅರ್ಥವಾಗುವುದಕ್ಕೇ ಪ್ರಾಧಾನ್ಯ ನೀಡಿತು.

ಕನ್ನಡಿಗರು ಗಮನಿಸಬೇಕಾದವು

* ಒತ್ತು: ‘ಫೋಟೋಗ್ರಾಫ್’ನಲ್ಲಿ ಮೊದಲ ಭಾಗಕ್ಕೆ ಒತ್ತು, ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗದ ಕಾರಣ ಇದನ್ನು ಪ್ರತ್ಯೇಕವಾಗಿ ಕಲಿಸಬೇಕು.
* ಪದದ ಆರಂಭದ ಪ, ಟ, ಕ: ಇಂಗ್ಲಿಷಿನಲ್ಲಿ ಇವು ಮಹಾಪ್ರಾಣಕ್ಕೆ ಹತ್ತಿರ. ಉಸಿರು ಸಾಲದಿದ್ದರೆ ‘ಪಿನ್’ ಎಂದದ್ದು ‘ಬಿನ್’ ಎಂದು ಕೇಳಿಸಬಹುದು.
* ‘ವೆಟ್’ ಗೊಂದಲ: ಪಶುವೈದ್ಯ ಎಂಬ ಪದದಲ್ಲಿ ಹಲ್ಲು ಕೆಳತುಟಿಗೆ ತಾಗಬೇಕು. ಒದ್ದೆ ಎಂಬ ಪದದಲ್ಲಿ ತುಟಿಗಳು ದುಂಡಾಗಬೇಕು.
* ಕೊನೆಯ ಸ್ವರ: ‘ಬಸ್ಸು’, ‘ಕಾರು’ ಕನ್ನಡದಲ್ಲಿ ಸಹಜ. ಇಂಗ್ಲಿಷ್ ಮಾತಿನಲ್ಲಿ ಈ ಉಕಾರ ಬೇಡ.

ಹ್ರಸ್ವ-ದೀರ್ಘ ಭೇದ ಕನ್ನಡದಲ್ಲಿಯೇ ಇರುವುದರಿಂದ ‘ಶಿಪ್’, ‘ಶೀಪ್’ ವ್ಯತ್ಯಾಸ ನಮಗೆ ಕಷ್ಟವಲ್ಲ. ನಾಲಗೆ ಮಡಿಸಿ ನುಡಿಯುವ ನಮ್ಮ ಟ, ಡ ಅಥವಾ ‘ಥಿಂಕ್’ನ ದಂತ್ಯ ಥಕಾರದಿಂದ ಅರ್ಥಕ್ಕೆ ಅಷ್ಟಾಗಿ ತೊಡಕಾಗುವುದಿಲ್ಲ. ಇವನ್ನು ತಿದ್ದಲು ಗಂಟೆಗಟ್ಟಲೆ ವ್ಯಯಿಸುವ ಅಗತ್ಯವಿಲ್ಲ.

2000ದ ದಶಕದಲ್ಲಿ ಬೆಂಗಳೂರಿನ ಕಾಲ್‌ಸೆಂಟರ್‌ಗಳಲ್ಲಿ ಅಮೆರಿಕನ್ ಶೈಲಿಯ ತರಬೇತಿ ನಡೆದದ್ದು ಗ್ರಾಹಕರ ಕಿವಿಗೆ ಒಗ್ಗಲೆಂದು. ಉದ್ಯೋಗದ ಆ ಅಗತ್ಯವನ್ನು ಶಾಲೆಯ ಗುರಿಯನ್ನಾಗಿಸಬೇಕಿಲ್ಲ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡ ಬೇರೆಬೇರೆಯಾದರೂ ಮೂರೂ ಕನ್ನಡವೇ. ಇಂಗ್ಲಿಷಿನ ಸ್ಥಿತಿಯೂ ಅದೇ. ಶಿಕ್ಷಕರು ಉಚ್ಚಾರಣೆ ಸೂಚಿಸುವ ಒಂದು ನಿಘಂಟನ್ನು ಆಯ್ದು ಅದನ್ನೇ ಅನುಸರಿಸುವುದು, ಅರ್ಥಕ್ಕೆ ಅಡ್ಡಿಯಾಗುವ ದೋಷವನ್ನು ಮೊದಲು ತಿದ್ದುವುದು, ಉಳಿದುದಕ್ಕಾಗಿ ಮಗುವನ್ನು ಹೀಯಾಳಿಸದಿರುವುದು: ತರಗತಿಗೆ ಈ ಮೂರು ಸೂತ್ರಗಳು ಸಾಕು.