ಅಂಗಡಿ ವೆಬ್‌ಸೈಟ್ ಹೆಸರು ಕಳುವಾದ್ರೆ ಯಾರನ್ನ ಕೇಳೋದು?

ಅಂಗಡಿ ಬೋರ್ಡ್ ರಾತ್ರೋರಾತ್ರಿ ಯಾರೋ ಕಿತ್ಕೊಂಡು ಹೋದ್ರೆ ಬೆಳಗ್ಗೆ ಠಾಣೆಗೆ ಹೋಗ್ತೀವಿ. ಅದೇ ಅಂಗಡಿಯ ವೆಬ್‌ಸೈಟ್ ಹೆಸರು, ಅಂದ್ರೆ ಡೊಮೇನ್ ಹೋದ್ರೆ? ಕೈಯಲ್ಲಿ ಹಿಡಿಯೋಕೆ ಆಗದ ಹೆಸರು ಕಳುವಾಗೋದು ಹೇಗೆ ಅನ್ನೋ ಪ್ರಶ್ನೆ ಮೇಲೆ ಅಮೆರಿಕದಲ್ಲಿ ವರ್ಷಗಟ್ಟಲೆ ಕೇಸ್ ನಡೆದಿದೆ.

ಆ ಹೆಸರು ಸೆಕ್ಸ್ ಡಾಟ್ ಕಾಮ್. ಮುಖ ಸಿಂಡರಿಸಬೇಡಿ, ಕೇಸ್ ಮಾತ್ರ ಗಂಭೀರವಾದದ್ದು. 1994ರಲ್ಲಿ ಗ್ಯಾರಿ ಕ್ರೆಮೆನ್ ಎಂಬಾತ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ರಿಜಿಸ್ಟ್ರಾರ್ ಕಂಪನಿಯಲ್ಲಿ ಇದನ್ನು ನೋಂದಾಯಿಸಿದ. ಆಗ ಡೊಮೇನ್‌ಗೆ ದುಡ್ಡೇ ಇರಲಿಲ್ಲ, ಪುಕ್ಕಟೆ. ಮುಂದಿನ ವರ್ಷ, ಆಗಷ್ಟೇ ಜೈಲಿಂದ ಬಂದಿದ್ದ ಸ್ಟೀಫನ್ ಕೊಹೆನ್ ಒಂದು ನಕಲಿ ಪತ್ರ ತಯಾರಿಸಿದ. ಕ್ರೆಮೆನ್‌ನನ್ನು ಅವನ ಕಂಪನಿಯೇ ಕೆಲಸದಿಂದ ತೆಗೆದಿದೆ, ಈ ಹೆಸರು ನಮಗೆ ಬೇಡ, ಕೊಹೆನ್‌ಗೆ ಕೊಡಿ ಅಂತ ಅದರಲ್ಲಿತ್ತು. ಕಂಪನಿಗೆ ಇಂಟರ್ನೆಟ್ ಸಂಪರ್ಕ ಇಲ್ಲ, ಅದಕ್ಕೇ ಪತ್ರ ಅಂತಾನೂ ಬರೆದಿದ್ದ! ಇಂಟರ್ನೆಟ್ ಹೆಸರಿನ ಮಾಲೀಕನಿಗೆ ಇಂಟರ್ನೆಟ್ ಇಲ್ಲ ಅಂದ್ರೂ ರಿಜಿಸ್ಟ್ರಾರ್‌ಗೆ ಅನುಮಾನ ಬರಲಿಲ್ಲ. ಕ್ರೆಮೆನ್‌ಗೆ ಒಂದು ಮಾತು ಕೇಳದೆ ಹೆಸರು ವರ್ಗಾಯಿಸಿಬಿಟ್ಟರು. ಆಮೇಲೆ ಕ್ರೆಮೆನ್ ಹೋಗಿ ಕೇಳಿದ್ರೆ, ತಡವಾಯ್ತು, ಇನ್ನು ಏನೂ ಮಾಡೋಕಾಗಲ್ಲ ಅಂದರು. ಕೊಹೆನ್ ಆ ಹೆಸರಲ್ಲಿ ಕೋಟಿಗಟ್ಟಲೆ ದುಡಿದ.

2000ದ ನವೆಂಬರ್‌ನಲ್ಲಿ ಕೋರ್ಟ್ ಹೆಸರು ವಾಪಸ್ ಕೊಡಿಸಿತು. 2001ರಲ್ಲಿ 6.5 ಕೋಟಿ ಡಾಲರ್ ಪರಿಹಾರವೂ ಆಯ್ತು. ಆದ್ರೆ ಕೊಹೆನ್ ದುಡ್ಡು ಹೊರದೇಶಕ್ಕೆ ಸಾಗಿಸಿ ತಾನೂ ಪರಾರಿ. ಕ್ರೆಮೆನ್ ಅದೇ ವೆಬ್‌ಸೈಟಲ್ಲಿ ಅವನ ಫೋಟೋ ಹಾಕಿ, ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ ಅಂತ ಪ್ರಕಟಿಸಿದ. ಕೊಹೆನ್ ಮೆಕ್ಸಿಕೋದಲ್ಲಿ ಸಿಕ್ಕಿದ್ದು 2005ರಲ್ಲಿ.

ಕಳ್ಳ ಸಿಗಲಿಲ್ಲ, ಹಾಗಾದ್ರೆ ಕೀಲಿ ಕೊಟ್ಟವನ ಗತಿ? ಕ್ರೆಮೆನ್ ರಿಜಿಸ್ಟ್ರಾರ್ ಮೇಲೂ ಕೇಸ್ ಹಾಕಿದ್ದ. ಕೆಳಗಿನ ಕೋರ್ಟಲ್ಲಿ ಸೋತ. 2003ರ ಜುಲೈನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಹೆಸರಿಗೆ ದುಡ್ಡು ಕೊಟ್ಟಿಲ್ಲ, ಹಾಗಾಗಿ ಒಪ್ಪಂದ ಅನ್ನೋದು ಇಲ್ಲ, ಆ ವಾದ ಬಿತ್ತು. ಆದ್ರೆ ಡೊಮೇನ್ ಕೂಡ ಆಸ್ತಿಯೇ, ಪುಕ್ಕಟೆ ಸಿಕ್ಕಿದ್ರೂ ಆಸ್ತಿಯೇ ಅಂದಿತು ಕೋರ್ಟ್. ನಕಲಿ ಪತ್ರ ನಂಬಿ ಒಬ್ಬರ ಷೇರನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ಕಂಪನಿ ಹೊಣೆ ಆದ ಹಾಗೆ ರಿಜಿಸ್ಟ್ರಾರ್ ಕೂಡ ಹೊಣೆ ಆಗಬಹುದು. ಮರುವರ್ಷ ಇಬ್ಬರೂ ರಾಜಿ ಮಾಡ್ಕೊಂಡರು.

ನಮ್ಮಲ್ಲಿ ಡೊಮೇನ್‌ಗೇ ಅಂತ ಪ್ರತ್ಯೇಕ ಕಾನೂನಿಲ್ಲ. ದಾರಿ ಆಗಿದ್ದು ಬೆಂಗಳೂರಿಂದ ಹೋದ ಒಂದು ಕೇಸ್. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ ಹೆಸರನ್ನೇ ಹೋಲುವ ‘ಸಿಫಿನೆಟ್’ ಡೊಮೇನ್ ಇನ್ನೊಬ್ಬರು ಮಾಡ್ಕೊಂಡಿದ್ದರು. ಸಿಟಿ ಸಿವಿಲ್ ಕೋರ್ಟ್ ತಡೆ ಕೊಟ್ಟಿತು, ಹೈಕೋರ್ಟ್ ತೆಗೆಯಿತು, 2004ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೊಟ್ಟಿತು. ಟ್ರೇಡ್‌ಮಾರ್ಕ್‌ಗೆ ಸಿಗುವಂಥ ರಕ್ಷಣೆ ಡೊಮೇನ್‌ಗೂ ಇದೆ ಅಂತಾಯ್ತು. 2022ರಲ್ಲಿ ಸ್ನ್ಯಾಪ್‌ಡೀಲ್–ಗೋಡ್ಯಾಡಿ ಕೇಸಲ್ಲಿ ದೆಹಲಿ ಹೈಕೋರ್ಟ್, ಹೋಲುವ ಹೆಸರುಗಳನ್ನು ತಾನೇ ತೋರಿಸಿ ಮಾರುವ ರಿಜಿಸ್ಟ್ರಾರ್ ‘ನಾನು ಬರೀ ಮಧ್ಯವರ್ತಿ’ ಅಂತ ಜಾರಿಕೊಳ್ಳೋ ಹಾಗಿಲ್ಲ ಎಂದಿತು. ಇವೆರಡೂ ಹೋಲುವ ಹೆಸರಿನ ಜಗಳ, ಪೂರಾ ಕಳವಿನದ್ದಲ್ಲ ಅನ್ನೋದು ನೆನಪಿರಲಿ.

ನಮ್ಮಂಥ ಊರುಗಳಲ್ಲಿ ನಕಲಿ ಪತ್ರದವರೆಗೂ ಹೋಗೋದೇ ಬೇಡ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಲ್ಲಿ, ತನ್ನ ಇಮೇಲಲ್ಲೇ ನೋಂದಾಯಿಸಿರ್ತಾನೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ರಿಜಿಸ್ಟ್ರಾರ್ ಪಾಲಿಗೆ ಅವನೇ ಮಾಲೀಕ. ಅವನು ಫೋನ್ ಎತ್ತದೇ ಹೋದ ದಿನವೇ ನಿಮಗಿದು ಗೊತ್ತಾಗೋದು. ಹಾಗಾಗಿ ನೋಂದಣಿ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಮೊಬೈಲ್‌ಗೇ ಇರಲಿ. ಬಿಲ್ ತೆಗೆದಿಡಿ. ಟ್ರಾನ್ಸ್‌ಫರ್ ಲಾಕ್ ಆನ್ ಮಾಡಿ, ಆತ್ ಕೋಡ್ ಯಾರಿಗೂ ಕೊಡಬೇಡಿ, ಹೆಸರು ಇನ್ನೊಂದು ರಿಜಿಸ್ಟ್ರಾರ್‌ಗೆ ಹೋಗೋಕೆ ಅದೇ ಕೀಲಿ. ಡಾಟ್ ಕಾಮ್ ಅವಧಿ ಮುಗಿದು ಅಳಿಸಿಹೋದ್ರೂ 30 ದಿನ ಹೆಚ್ಚುವರಿ ಫೀಸ್ ಕಟ್ಟಿ ಬಿಡಿಸ್ಕೋಬಹುದು. ಅದೂ ದಾಟಿದ್ರೆ ಯಾರು ಬೇಕಾದ್ರೂ ಕೊಳ್ಳಬಹುದು, ಅದನ್ನ ಕಳವು ಅನ್ನೋಕಾಗಲ್ಲ.

ಕಳುವಾಗಿದ್ದೇ ಹೌದಾದ್ರೆ ಅವತ್ತೇ ರಿಜಿಸ್ಟ್ರಾರ್‌ಗೆ ಇಮೇಲ್ ಹಾಕಿ, ಬರವಣಿಗೆಯಲ್ಲಿ ದಾಖಲೆ ಉಳಿಯತ್ತೆ. ಜಿಲ್ಲಾ ಕೇಂದ್ರದ ಸಿಇಎನ್ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ಗೆ ದೂರು ಕೊಡಿ. ನಿಮ್ಮ ಪಾಸ್‌ವರ್ಡ್ ಕದ್ದು ಬಳಸಿದ್ದರೆ ಐಟಿ ಕಾಯ್ದೆಯ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಡಾಟ್ ಇನ್ ಹೆಸರಿನ ತಕರಾರಿಗೆ ನಿಕ್ಸಿ ಸಂಸ್ಥೆಯ ಮಧ್ಯಸ್ಥಿಕೆ ವ್ಯವಸ್ಥೆ ಇದೆ. ಡಾಟ್ ಕಾಮ್‌ಗೆ 1999ರಿಂದ ಯುಡಿಆರ್‌ಪಿ ಇದೆ, ಆದ್ರೆ ಅಲ್ಲಿ ಹೆಸರು ವಾಪಸ್ ಸಿಗಬಹುದು ಅಥವಾ ರದ್ದಾಗಬಹುದು ಅಷ್ಟೆ. ನಷ್ಟದ ದುಡ್ಡು ಬೇಕಂದ್ರೆ ಕೋರ್ಟ್ ಮೆಟ್ಟಿಲೇ ಹತ್ತಬೇಕು.