ದಕ್ಷಿಣ ಆಫ್ರಿಕದ ವಿವಾಹಶಾಸನವೂ ಧರ್ಮಸ್ವಾತಂತ್ರ್ಯವೂ

ವಿವಾಹಕ್ಕೆ ಎರಡು ಮುಖಗಳುಂಟು. ಅಗ್ನಿಸಾಕ್ಷಿಯಾಗಿಯೋ ದೇವಮಂದಿರದಲ್ಲಿಯೋ ನಡೆಯುವ ಸಂಸ್ಕಾರವು ಒಂದು; ದಾಯಭಾಗ, ಪೋಷಣೆ, ಮಕ್ಕಳ ಹಕ್ಕು ಮೊದಲಾದವುಗಳನ್ನು ನಿರ್ಣಯಿಸುವ ಶಾಸನಸಂಬಂಧವು ಇನ್ನೊಂದು. ಮೊದಲನೆಯದಕ್ಕೆ ಶ್ರದ್ಧೆಯೇ ಪ್ರಮಾಣ. ಎರಡನೆಯದಕ್ಕೆ ಪ್ರಭುತ್ವವು ಹೊಣೆ. ಇವೆರಡರ ಎಲ್ಲೆಯಾವುದೆಂಬ ಪ್ರಶ್ನೆಯು ಸಲಿಂಗ ವಿವಾಹದ ಪ್ರಸಂಗದಲ್ಲಿ ಅನೇಕ ದೇಶಗಳಲ್ಲಿ ತೀವ್ರವಾಗಿ ಎದ್ದಿದೆ. ಒಂದೇ ಲಿಂಗದ ಇಬ್ಬರು ವಿವಾಹವಾಗಲು ಶಾಸನವು ಸಮ್ಮತಿಸಿದರೆ, ಅದನ್ನು ಪಾಪವೆಂದು ನಂಬಿದ ಪುರೋಹಿತನು ಏನು ಮಾಡಬೇಕು? ಅವನ ನಂಬಿಕೆಯನ್ನು ಮನ್ನಿಸಿದರೆ ಆ ಇಬ್ಬರಿಗೆ ದಿಕ್ಕು ಯಾರು? ಇದಕ್ಕೆ ದಕ್ಷಿಣ ಆಫ್ರಿಕವು ಕಂಡುಕೊಂಡ ಉತ್ತರದ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆ ದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು: ಅಲ್ಲಿ ಒಮ್ಮೆ ತಿರಸ್ಕೃತವಾದವುಗಳಲ್ಲಿ ನಮ್ಮವರ ವಿವಾಹವೂ ಒಂದು.

1913ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಕೇಪ್ ಪ್ರಾಂತದ ಉಚ್ಚ ನ್ಯಾಯಸ್ಥಾನದ ನ್ಯಾಯಾಧೀಶ ಸರ್ಲ್ ಎಂಬವರು ಒಂದು ತೀರ್ಪನ್ನಿತ್ತರು. ಮುಸಲ್ಮಾನ ವಿಧಿಯಂತೆ ಹಿಂದೂಸ್ಥಾನದಲ್ಲಿ ವಿವಾಹವಾಗಿ ಪತಿಯ ಬಳಿಗೆ ಬಂದ ಒಬ್ಬ ಸ್ತ್ರೀಯು ಶಾಸನದ ದೃಷ್ಟಿಯಲ್ಲಿ ಪತ್ನಿಯಲ್ಲವೆಂದು ಅದರಿಂದ ನಿರ್ಣಯವಾಯಿತು. ಬಹುಪತ್ನೀತ್ವಕ್ಕೆ ಎಡೆಯುಳ್ಳ ಮತದ ವಿಧಿಯಿಂದಾದ ವಿವಾಹವನ್ನು ಆ ದೇಶದ ಶಾಸನವು ಮನ್ನಿಸಲಾರದೆಂಬುದು ಅಲ್ಲಿಯ ತರ್ಕ. ಹಿಂದೂ, ಮುಸಲ್ಮಾನ, ಪಾರಸೀ ದಂಪತಿಗಳೆಲ್ಲರ ಸಂಬಂಧವೂ ಇದರಿಂದ ನಿಷ್ಫಲವಾಯಿತೆಂದು ಭಾರತೀಯರು ತಿಳಿದರು. ಮನೆಯೊಳಗಿದ್ದ ಸ್ತ್ರೀಯರೂ ಸತ್ಯಾಗ್ರಹಕ್ಕೆ ಇಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಮೂರು ತಿಂಗಳ ಕಠಿಣ ಶಿಕ್ಷೆಗೆ ಗುರಿಯಾದರು. ಕಡೆಗೆ 1914ರ ಶಾಸನವು ಏಕಪತ್ನೀಕವಾದ ಭಾರತೀಯ ವಿವಾಹಗಳನ್ನು ಮನ್ನಿಸಿ, ಮೂರು ಪೌಂಡುಗಳ ತಲೆಗಂದಾಯವನ್ನೂ ತೆಗೆದುಹಾಕಿತು. ಒಂದು ಮತದ ಕಲ್ಪನೆಯನ್ನೇ ಸಕಲರ ವಿವಾಹಕ್ಕೂ ಅಳತೆಗೋಲಾಗಿ ಮಾಡಿದರೆ ಒದಗುವ ಅನ್ಯಾಯವನ್ನು ನಮ್ಮವರು ಹೀಗೆ ಮೈಯಾರೆ ಅನುಭವಿಸಿದರು.

ಪ್ರಭುತ್ವವು ಅಲ್ಲಿಗೆ ಪಾಠ ಕಲಿಯಲಿಲ್ಲ. 1949ರಲ್ಲಿ ಬಿಳಿಯರಿಗೂ ಇತರರಿಗೂ ವಿವಾಹವನ್ನು ನಿಷೇಧಿಸುವ ಶಾಸನವು ಬಂದಿತು. ಅದು ರದ್ದಾದುದು 1985ರಲ್ಲಿ. ವರ್ಣದ್ವೇಷದ ಆಡಳಿತವು ಅಳಿದ ಬಳಿಕ 1996ರಲ್ಲಿ ರಚಿತವಾದ ರಾಜ್ಯಾಂಗವು ಧರ್ಮಸ್ವಾತಂತ್ರ್ಯವನ್ನು ಸಾರಿದುದಲ್ಲದೆ, ಲೈಂಗಿಕ ಪ್ರವೃತ್ತಿಯ ಕಾರಣದಿಂದ ಯಾರಲ್ಲಿಯೂ ಭೇದವೆಣಿಸಕೂಡದೆಂದು ಸ್ಪಷ್ಟವಾಗಿ ವಿಧಿಸಿತು. ಎರಡು ಆಶ್ವಾಸನೆಗಳೂ ಒಂದೇ ಗ್ರಂಥದಲ್ಲಿವೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

2005ನೆಯ ಇಸವಿ ಡಿಸೆಂಬರ್ 1ರಂದು ಅಲ್ಲಿಯ ರಾಜ್ಯಾಂಗ ನ್ಯಾಯಸ್ಥಾನವು ಈ ವಿಷಯವನ್ನು ನಿರ್ಣಯಿಸಿತು. ತೀರ್ಪನ್ನು ಬರೆದವರು ಆಲ್ಬೀ ಸ್ಯಾಕ್ಸ್. ವರ್ಣದ್ವೇಷದ ವಿರುದ್ಧ ಹೋರಾಡಿ, 1988ರಲ್ಲಿ ಬಾಂಬಿನ ಹೊಡೆತಕ್ಕೆ ಬಲಗೈಯನ್ನು ಕಳೆದುಕೊಂಡವರು. ಪೂರ್ವಪಕ್ಷವು ಹೀಗಿತ್ತು: ವಿವಾಹವು ಸ್ವಭಾವತಃ ಧಾರ್ಮಿಕವಾದುದು, ಅದರ ಅರ್ಥವನ್ನು ವಿಸ್ತರಿಸಿದರೆ ಶ್ರದ್ಧಾವಂತರ ಮನಸ್ಸು ನೋಯುವುದು. ನ್ಯಾಯಸ್ಥಾನವು ಈ ಮಾತನ್ನು ಹಾಸ್ಯಮಾಡಲಿಲ್ಲ. ಜನಜೀವನದಲ್ಲಿ ಧರ್ಮದ ಸ್ಥಾನವನ್ನು ಗೌರವದಿಂದ ಒಪ್ಪಿಕೊಂಡಿತು. ಆದರೆ ಒಬ್ಬರ ಧರ್ಮಸಿದ್ಧಾಂತವು ಇನ್ನೊಬ್ಬರ ರಾಜ್ಯಾಂಗದತ್ತ ಹಕ್ಕಿಗೆ ಮಿತಿಯಾಗಲಾರದೆಂದು ಹೇಳಿತು. ತನ್ನ ಮತಕ್ಕೆ ಹೊಂದದ ವಿವಾಹವನ್ನು ಮಾಡಿಸಬೇಕೆಂದು ಪುರೋಹಿತನನ್ನು ಬಲಾತ್ಕರಿಸಲಾಗದೆಂಬ ವಿಧಿಯು 1961ರ ವಿವಾಹಶಾಸನದಲ್ಲಿ ಮೊದಲೇ ಇರುವುದನ್ನೂ ತೋರಿಸಿಕೊಟ್ಟಿತು. ಶಾಸನವನ್ನು ತಿದ್ದಲು ಪಾರ್ಲಿಮೆಂಟಿಗೆ ಒಂದು ವರ್ಷದ ಅವಧಿಯನ್ನು ಕೊಟ್ಟಿತು. ತತ್ಫಲವಾದ ಶಾಸನವು 2006ರ ನವೆಂಬರ್ 30ರಿಂದ ಜಾರಿಗೆ ಬಂದಿತು. ಆಫ್ರಿಕ ಖಂಡದಲ್ಲಿ ಇಂಥದು ಇದೇ ಮೊದಲು.

ಈ ಶಾಸನದ ರಚನೆಯು ಗಮನಾರ್ಹವಾದುದು. ಧರ್ಮಸಂಸ್ಥೆಯು ತಾನಾಗಿ ಬಯಸಿ ಅರ್ಜಿಕೊಟ್ಟರೆ ಮಾತ್ರ ಅದರ ಪುರೋಹಿತರಿಗೆ ಈ ವಿವಾಹಗಳನ್ನು ನಡೆಸುವ ಅಧಿಕಾರವು ಬರುವುದು. ಬಯಸದ ಸಂಸ್ಥೆಯ ಬಾಗಿಲನ್ನು ಯಾರೂ ತಟ್ಟುವಂತಿಲ್ಲ. ಇಷ್ಟು ಸರಿಯೇ. ಆದರೆ ಆರನೆಯ ವಿಧಿಯು ಸರಕಾರದ ವಿವಾಹಾಧಿಕಾರಿಗೂ, ಅಂತಃಸಾಕ್ಷಿಗೆ ವಿರೋಧವೆಂದು ಲಿಖಿತವಾಗಿ ತಿಳಿಸಿದಲ್ಲಿ, ಸಲಿಂಗ ವಿವಾಹವನ್ನು ನಡೆಸದಿರುವ ವಿನಾಯತಿಯನ್ನು ಕೊಟ್ಟಿತು. ಇದರಿಂದ ಕಚೇರಿಗೆ ಹೋದವರು ನಡೆಸುವ ಅಧಿಕಾರಿಯಿಲ್ಲದೆ ಹಿಂದಿರುಗಬೇಕಾದ ಪ್ರಸಂಗಗಳು ಒದಗಿದವು. 2020ರಲ್ಲಿ ಪಾರ್ಲಿಮೆಂಟು ಈ ವಿಧಿಯನ್ನು ತೆಗೆದುಹಾಕಿತು.

ಪಾಠಶಾಲೆಯಲ್ಲಿ ಓದಿದ ನನ್ನಂಥವನ ಮನಸ್ಸು ಮೊದಲು ಆ ಅಧಿಕಾರಿಯ ಕಡೆಗೇ ಒಲಿಯುವುದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸಂಬಳ ತಿನ್ನುವವನಿಗೂ ಅಂತಃಕರಣವುಂಟಷ್ಟೆ. ಆದರೆ 1913ರ ಭಾರತೀಯ ದಂಪತಿಗಳನ್ನು ಅವನ ಮೇಜಿನ ಮುಂದೆ ನಿಲ್ಲಿಸಿ ನೋಡಿದಾಗ ನನ್ನ ಪಕ್ಷವು ಸಡಿಲವಾಯಿತು. “ನಿಮ್ಮ ವಿವಾಹವು ನನ್ನ ಕ್ರೈಸ್ತ ಶ್ರದ್ಧೆಗೆ ಒಪ್ಪದು, ಬೇರೆಯವನನ್ನು ಹುಡುಕಿಕೊಳ್ಳಿ” ಎಂದು ಅವನು ಹೇಳಿದ್ದರೆ ನಾವು ಅದನ್ನು ಅಂತಃಸಾಕ್ಷಿಯೆಂದು ಕರೆಯುತ್ತಿದ್ದೆವೆ? ಉತ್ಸರ್ಗಕ್ಕಿಂತ ಅಪವಾದವು ಬಲವತ್ತರ, ಆದರೆ ಅದರ ಬಲವು ತನ್ನ ವಿಷಯದಲ್ಲಿ ಮಾತ್ರವೆಂದು ವೈಯಾಕರಣರು ಹೇಳುವರು. ಪುರೋಹಿತನು ತನ್ನ ದೇವರ ಹೆಸರಿನಲ್ಲಿ ನಡೆಸುವ ಸಂಸ್ಕಾರವು ಆ ಅಪವಾದದ ವಿಷಯ. ಪ್ರಭುತ್ವದ ಮುದ್ರೆಯನ್ನು ಹಿಡಿದವನು ಯಾರ ಹೆಸರಿನಲ್ಲಿ ಕುಳಿತಿರುವನೋ, ಆ ಪ್ರಭುತ್ವಕ್ಕೆ ಮತವಿಲ್ಲ. ತನ್ನ ಮನೆಯಲ್ಲಿ, ತನ್ನ ಮಂದಿರದಲ್ಲಿ ಅವನ ಶ್ರದ್ಧೆಯು ಅಬಾಧಿತ.

ಈ ಕಥೆಗೆ ಇನ್ನೊಂದು ಉಪಕಥೆಯುಂಟು. ಇಸ್ಲಾಮಿನ ವಿಧಿಯಿಂದ ಮಾತ್ರ ನಡೆದು ನೋಂದಣಿಯಾಗದ ವಿವಾಹಗಳನ್ನು ಮನ್ನಿಸದಿರುವುದು ರಾಜ್ಯಾಂಗವಿರುದ್ಧವೆಂದು ಅದೇ ನ್ಯಾಯಸ್ಥಾನವು ತೀರ್ಪಿತ್ತುದು 2022ರಲ್ಲಿ. ಸರ್ಲ್ ಅವರ ತೀರ್ಪಿನಿಂದ ಅಲ್ಲಿಗೆ ನೂರ ಒಂಬತ್ತು ವರ್ಷಗಳು. ಸಲಿಂಗ ದಂಪತಿಗಳಿಗೆ ಬಾಗಿಲು ತೆರೆದ ಸಮತೆಯ ತತ್ತ್ವವೇ ಶ್ರದ್ಧಾವಂತ ಮುಸಲ್ಮಾನ ಪತ್ನಿಯರಿಗೂ ಆಶ್ರಯವಾಯಿತೆಂಬುದನ್ನು, ಈ ಎರಡು ಹಕ್ಕುಗಳು ಹಾವು ಮುಂಗುಸಿಗಳೆಂದು ಭಾವಿಸುವವರು ವಿಚಾರಿಸಬೇಕು.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹದ ಪ್ರಶ್ನೆಯನ್ನು ಶಾಸನಸಭೆಗೆ ಬಿಟ್ಟಿತು. ಆ ಚರ್ಚೆಯು ನಮ್ಮ ಮನೆಗಳಲ್ಲಿಯೂ ನಡೆಯಬೇಕಾದುದೇ. ನಡೆಯುವಾಗ ಕಸ್ತೂರಬಾ ಅವರು ಯಾವ ಕಾರಣಕ್ಕಾಗಿ ಸೆರೆಮನೆಯನ್ನು ಹೊಕ್ಕರೆಂಬುದನ್ನು ಹಿರಿಯರು ಕಿರಿಯರಿಗೆ ಒಮ್ಮೆ ಹೇಳಲೆಂದು ಬೇಡುತ್ತೇನೆ.